ಫ್ಲೂ ಸರ್ವೇಕ್ಷಣೆ ಮತ್ತು ಔಷಧ ಪ್ರತಿರೋಧ: ಅಮೆರಿಕದ ನಾಲ್ಕು ಚಳಿಗಾಲಗಳು

ಋತುಮಾನದ ಫ್ಲೂ ಜ್ವರ ಒಂದು ವರ್ಷದಲ್ಲಿ ಎಷ್ಟು ಜನರಿಗೆ ತಗುಲಿತು ಎಂಬುದನ್ನು ಜಗತ್ತಿನ ಯಾವ ದೇಶವೂ ಎಣಿಸಿ ಹೇಳಲಾರದು. ಸೋಂಕು ತಗುಲಿದವರಲ್ಲಿ ಕೆಲವರಿಗೆ ಜ್ವರವೇ ಕಾಣಿಸಿಕೊಳ್ಳುವುದಿಲ್ಲ. ಕಾಣಿಸಿಕೊಂಡವರಲ್ಲಿ ಬಹುಪಾಲು ಜನ ಮನೆಯ ಕಷಾಯದಲ್ಲೋ ಔಷಧಿ ಅಂಗಡಿಯ ಮಾತ್ರೆಯಲ್ಲೋ ನಾಲ್ಕೈದು ದಿನ ಕಳೆದು ಗುಣವಾಗುತ್ತಾರೆ. ವೈದ್ಯರಲ್ಲಿಗೆ ಹೋದವರಲ್ಲಿಯೂ ಗಂಟಲು ದ್ರವದ ಮಾದರಿ ಪ್ರಯೋಗಾಲಯದವರೆಗೆ ಹೋಗುವುದು ಕೆಲವರದ್ದು ಮಾತ್ರ. ಹೀಗೆ ಲೆಕ್ಕಕ್ಕೆ ಸಿಗದ ಕಾಯಿಲೆಯೊಂದು ದೇಶದಲ್ಲಿ ಏರುತ್ತಿದೆಯೇ ಇಳಿಯುತ್ತಿದೆಯೇ, ಅದನ್ನು ಉಂಟುಮಾಡುವ ವೈರಾಣುವಿನ ಯಾವ ಬಗೆ ಈ ಸಲ ಓಡಾಡುತ್ತಿದೆ, ವೈದ್ಯರ ಕೈಯಲ್ಲಿರುವ ಔಷಧ ಆ ಬಗೆಯ ಮೇಲೆ ಇನ್ನೂ ಕೆಲಸ ಮಾಡುತ್ತದೆಯೇ ಎಂಬುದನ್ನು ವಾರ ವಾರವೂ ತಿಳಿಯುವ ವ್ಯವಸ್ಥೆಗೆ ಸರ್ವೇಕ್ಷಣೆ ಎನ್ನುತ್ತಾರೆ. ಈ ಮೂರು ಪ್ರಶ್ನೆಗಳಲ್ಲಿ ಕೊನೆಯದನ್ನು ಬಹುಕಾಲ ಚಿಕಿತ್ಸೆಯ ಅನುಬಂಧವೆಂದು ಮಾತ್ರ ಕಾಣಲಾಗಿತ್ತು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 2005ರಿಂದ 2009ರವರೆಗಿನ ನಾಲ್ಕು ಚಳಿಗಾಲಗಳಲ್ಲಿ ನಡೆದದ್ದನ್ನು ನೋಡಿದರೆ, ಆ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಚಿಕಿತ್ಸೆಯನ್ನೇ ನಿರ್ಧರಿಸಲಾಗದು ಎಂಬುದು ಸ್ಪಷ್ಟವಾಗುತ್ತದೆ.

ಎಣಿಸಲಾಗದ್ದನ್ನು ಅಳೆಯುವ ಪ್ರಯತ್ನ ಹೊಸದಲ್ಲ. 1847ರಲ್ಲಿ ಲಂಡನ್ನಿನಲ್ಲಿ ಫ್ಲೂ ಹರಡಿದಾಗ, ಅಲ್ಲಿನ ಜನನ ಮರಣ ನೋಂದಣಿ ಕಚೇರಿಯ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್, ಮರಣಪತ್ರಗಳಲ್ಲಿ ಫ್ಲೂ ಎಂದು ಬರೆದವುಗಳನ್ನಷ್ಟೇ ಕೂಡಿಸದೆ, ಆ ಕಾಲದಲ್ಲಿ ಸಾಮಾನ್ಯವಾಗಿ ಸಂಭವಿಸಬೇಕಾಗಿದ್ದ ಸಾವುಗಳಿಗಿಂತ ಎಷ್ಟು ಹೆಚ್ಚು ಸಾವುಗಳಾದವು ಎಂದು ಲೆಕ್ಕ ಹಾಕಿದ. ನ್ಯುಮೋನಿಯಾ, ಹೃದ್ರೋಗ, ವೃದ್ಧಾಪ್ಯ ಎಂದು ಬರೆಯಲಾದ ಸಾವುಗಳ ಹಿಂದೆಯೂ ಫ್ಲೂ ಇರಬಹುದಾದ್ದರಿಂದ, ಈ ಹೆಚ್ಚುವರಿ ಸಾವಿನ ಲೆಕ್ಕವೇ ಸತ್ಯಕ್ಕೆ ಹತ್ತಿರವೆಂಬುದು ಅವನ ತರ್ಕ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದಲ್ಲಿದ್ದ ರಾಬರ್ಟ್ ಸರ್ಫ್ಲಿಂಗ್ 1963ರಲ್ಲಿ ಈ ತರ್ಕಕ್ಕೆ ಗಣಿತದ ರೂಪ ಕೊಟ್ಟ. ನ್ಯುಮೋನಿಯಾ ಮತ್ತು ಫ್ಲೂ ಸಾವುಗಳು ಚಳಿಗಾಲದಲ್ಲಿ ಏರಿ ಬೇಸಿಗೆಯಲ್ಲಿ ಇಳಿಯುವುದನ್ನು ಅಲೆಯಾಕಾರದ ಒಂದು ರೇಖೆಯಾಗಿ ಬರೆದು, ಅದರ ಮೇಲೆ ಸಾಂಖ್ಯಿಕ ಏರಿಳಿತಕ್ಕೆ ಒಂದಿಷ್ಟು ಅಂತರ ಬಿಟ್ಟು ಇನ್ನೊಂದು ರೇಖೆ ಎಳೆದು, ನಿಜವಾದ ಸಾವುಗಳು ಆ ಮೇಲಿನ ರೇಖೆಯನ್ನು ದಾಟಿದರೆ ಸಾಂಕ್ರಾಮಿಕ ಎದ್ದಿದೆಯೆಂದು ತಿಳಿಯುವ ವಿಧಾನ ಅದು.

ಸಾವಿನ ಲೆಕ್ಕ ತಡವಾಗಿ ಬರುತ್ತದೆ. ಅದು ಬರುವ ಹೊತ್ತಿಗೆ ಆಸ್ಪತ್ರೆಗಳು ಆಗಲೇ ತುಂಬಿರುತ್ತವೆ. ಆದ್ದರಿಂದ ಅಮೆರಿಕದ ವ್ಯವಸ್ಥೆ ಹಲವು ಮೂಲಗಳನ್ನು ಒಟ್ಟಿಗೆ ನೋಡುತ್ತದೆ. ಅವುಗಳಲ್ಲಿ ಬೇಗ ಸುಳಿವು ಕೊಡುವುದು ಹೊರರೋಗಿಗಳ ಜಾಲ. ದೇಶದಾದ್ಯಂತ ಸಾವಿರಾರು ಚಿಕಿತ್ಸಾಲಯಗಳು ಪ್ರತಿ ವಾರ ತಮ್ಮಲ್ಲಿಗೆ ಒಟ್ಟು ಎಷ್ಟು ರೋಗಿಗಳು ಬಂದರು, ಅವರಲ್ಲಿ ಫ್ಲೂ ಮಾದರಿಯ ಕಾಯಿಲೆಯವರು ಎಷ್ಟು ಎಂಬ ಎರಡು ಸಂಖ್ಯೆಗಳನ್ನು ಕಳುಹಿಸುತ್ತವೆ. ಫ್ಲೂ ಮಾದರಿಯ ಕಾಯಿಲೆ ಎಂದರೆ 100 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ, ಅದರ ಜೊತೆಗೆ ಕೆಮ್ಮು ಅಥವಾ ಗಂಟಲು ನೋವು; ಪರೀಕ್ಷೆಯ ಅಗತ್ಯವಿಲ್ಲ, ಲಕ್ಷಣ ಸಾಕು. ಇಲ್ಲಿ ಮುಖ್ಯವಾದುದು ರೋಗಿಗಳ ಸಂಖ್ಯೆಯಲ್ಲ, ಒಟ್ಟು ಭೇಟಿಗಳಲ್ಲಿ ಅವರ ಶೇಕಡಾವಾರು ಪಾಲು. ಯಾವುದೋ ವಾರ ಹತ್ತು ಚಿಕಿತ್ಸಾಲಯಗಳು ವರದಿ ಕಳುಹಿಸದೆ ಹೋದರೂ ಪಾಲು ಹೆಚ್ಚು ಕದಲುವುದಿಲ್ಲ. ಫ್ಲೂ ಇಲ್ಲದ ವಾರಗಳ ಸರಾಸರಿ ಪಾಲಿಗೆ ಎರಡು ಮಾನಕ ವಿಚಲನೆಗಳನ್ನು ಕೂಡಿಸಿ, ಅಂದರೆ ಸಹಜ ಏರಿಳಿತಕ್ಕೆ ಸಾಕಷ್ಟು ಅವಕಾಶ ಕೊಟ್ಟು, ಒಂದು ಆಧಾರಮಟ್ಟವನ್ನು ನಿಗದಿ ಮಾಡಿಕೊಂಡು, ಪಾಲು ಅದನ್ನು ದಾಟಿದಾಗ ಋತು ಆರಂಭವಾಯಿತೆಂದು ತಿಳಿಯುತ್ತಾರೆ. 2017-18ರ ತೀವ್ರ ಋತುವಿನಲ್ಲಿ ಆಧಾರಮಟ್ಟ ಶೇ. 2.2 ಇದ್ದಾಗ ಪಾಲು ಶೇ. 7.5ಕ್ಕೆ ಏರಿತು, 19 ವಾರಗಳ ಕಾಲ ಆಧಾರಮಟ್ಟಕ್ಕೆ ಇಳಿಯಲಿಲ್ಲ.

ಲಕ್ಷಣಗಳ ಲೆಕ್ಕದಲ್ಲಿ ಒಂದು ಕುಂದಿದೆ: ಜ್ವರ ಕೆಮ್ಮುಗಳನ್ನು ತರುವ ವೈರಾಣುಗಳು ಹಲವು. ಆ ಕುಂದನ್ನು ಪ್ರಯೋಗಾಲಯಗಳು ತುಂಬುತ್ತವೆ. ಆಸ್ಪತ್ರೆಗಳಿಗೆ ಸೇರಿದ ಪ್ರಯೋಗಾಲಯಗಳು ಪರೀಕ್ಷಿಸಿದ ಮಾದರಿಗಳಲ್ಲಿ ಫ್ಲೂ ಇದ್ದವು ಶೇಕಡ ಎಷ್ಟು ಎಂದು ತಿಳಿಸಿದರೆ, ರಾಜ್ಯಗಳ ಸಾರ್ವಜನಿಕ ಆರೋಗ್ಯ ಪ್ರಯೋಗಾಲಯಗಳು ಅದು ಎ ಬಗೆಯೋ ಬಿ ಬಗೆಯೋ, ಎ ಆದರೆ ಎಚ್1ಎನ್1 ಉಪಬಗೆಯೋ ಎಚ್3ಎನ್2 ಉಪಬಗೆಯೋ ಎಂದು ಗುರುತಿಸುತ್ತವೆ. ಎಚ್ ಮತ್ತು ಎನ್ ಎಂಬವು ವೈರಾಣುವಿನ ಮೈಮೇಲಿರುವ ಎರಡು ಪ್ರೋಟೀನುಗಳಾದ ಹಿಮಾಗ್ಲುಟಿನಿನ್ ಮತ್ತು ನ್ಯೂರಮಿನಿಡೇಸ್‌ಗಳ ಸಂಕ್ಷೇಪ. ಮೊದಲನೆಯದು ಜೀವಕೋಶಕ್ಕೆ ಅಂಟಿಕೊಳ್ಳಲು, ಎರಡನೆಯದು ಒಳಗೆ ಹುಟ್ಟಿದ ಹೊಸ ವೈರಾಣುಗಳು ಆ ಕೋಶದ ಅಂಟಿನಿಂದ ಬಿಡಿಸಿಕೊಂಡು ಹೊರಡಲು ನೆರವಾಗುತ್ತದೆ. ಇವುಗಳ ಜೊತೆಗೆ ಜನಸಂಖ್ಯೆಯ ಸುಮಾರು ಶೇ. 9ರಷ್ಟನ್ನು ಒಳಗೊಂಡ ಆಯ್ದ ಪ್ರದೇಶಗಳಲ್ಲಿ, ಪರೀಕ್ಷೆಯಲ್ಲಿ ಫ್ಲೂ ಖಚಿತವಾಗಿ ಆಸ್ಪತ್ರೆ ಸೇರಿದವರ ದಾಖಲೆ ಇಡುತ್ತಾರೆ. 2003-04ರಲ್ಲಿ ಮಕ್ಕಳ ಸಾವುಗಳು ಆತಂಕ ಹುಟ್ಟಿಸಿದ ಬಳಿಕ, 2004ರಿಂದ ಫ್ಲೂನಿಂದಾದ ಮಗುವಿನ ಸಾವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಸಂಗತಿಗಳ ಪಟ್ಟಿಗೆ ಸೇರಿಸಲಾಯಿತು. ವಯಸ್ಕರ ಸಾವುಗಳನ್ನು ಹೀಗೆ ಒಂದೊಂದಾಗಿ ಎಣಿಸುವುದಿಲ್ಲ, ಅಂದಾಜು ಮಾಡುತ್ತಾರೆ. ಆ ಅಂದಾಜು ಎಷ್ಟು ಕದಲಬಲ್ಲದೆಂಬುದಕ್ಕೆ 2017-18ರ ಋತುವೇ ಸಾಕ್ಷಿ: ಮೊದಲು ಸುಮಾರು 80,000 ಸಾವುಗಳೆಂದು ಪ್ರಕಟವಾದ ಸಂಖ್ಯೆ, ಇನ್ನಷ್ಟು ಮರಣ ದಾಖಲೆಗಳು ಬಂದ ಬಳಿಕ ಸುಮಾರು 61,000ಕ್ಕೆ ಇಳಿಯಿತು. ಮೊದಲ ಸಂಖ್ಯೆಯನ್ನು ಪತ್ರಿಕೆಗಳು ದಪ್ಪಕ್ಷರದಲ್ಲಿ ಮುದ್ರಿಸಿದ್ದವು, ತಿದ್ದುಪಡಿಯನ್ನು ಗಮನಿಸಿದವರು ಕಡಿಮೆ. ಪರಿಷ್ಕರಣೆಗೆ ಹಿಂಜರಿಯದಿರುವುದನ್ನು ಈ ವ್ಯವಸ್ಥೆಯ ದೌರ್ಬಲ್ಯವೆಂದು ಬಗೆಯದೆ ಅದರ ಪ್ರಾಮಾಣಿಕತೆಯೆಂದು ಬಗೆಯುವುದು ನ್ಯಾಯ.

ಇಷ್ಟು ಕಾಯಿಲೆಯ ಏರಿಳಿತದ ಮಾತು. ಔಷಧ ಪ್ರತಿರೋಧದ ಕಥೆ ಇದಕ್ಕಿಂತ ತೊಡಕಿನದು, ಕುತೂಹಲದ್ದೂ ಹೌದು.

ಫ್ಲೂ ವೈರಾಣುವಿನ ವಿರುದ್ಧ ಬಂದ ಮೊದಲ ಔಷಧ ಅಮಾಂಟಡಿನ್; ಅಮೆರಿಕದಲ್ಲಿ ಅದಕ್ಕೆ 1966ರಲ್ಲಿ ಅನುಮತಿ ದೊರೆಯಿತು. ಅದೇ ಗುಂಪಿನ ರಿಮಾಂಟಡಿನ್ 1993ರಲ್ಲಿ ಬಂತು. ಎ ಬಗೆಯ ವೈರಾಣು ಜೀವಕೋಶವನ್ನು ಹೊಕ್ಕ ಮೇಲೆ ತನ್ನ ಕವಚವನ್ನು ಕಳಚಿಕೊಳ್ಳಬೇಕಾದರೆ ಎಂ2 ಎಂಬ ಪ್ರೋಟೀನಿನ ಕಿರುನಾಳದ ಮೂಲಕ ಆಮ್ಲೀಯ ಕಣಗಳು ಅದರ ಒಳಕ್ಕೆ ಹರಿಯಬೇಕು. ಈ ಔಷಧಗಳು ಆ ನಾಳವನ್ನು ಮುಚ್ಚುತ್ತವೆ. ಬಿ ಬಗೆಯ ಮೇಲೆ ಇವು ಕೆಲಸ ಮಾಡುವುದಿಲ್ಲ. ಎಂ2 ಪ್ರೋಟೀನಿನ 31ನೆಯ ಸ್ಥಾನದಲ್ಲಿ ಸೆರೀನ್ ಎಂಬ ಅಮೈನೋ ಆಮ್ಲದ ಬದಲು ಆಸ್ಪರಜೀನ್ ಬಂದು ಕೂತರೆ ಸಾಕು, ಎ ಬಗೆಯ ಮೇಲೂ ಔಷಧ ನಿಷ್ಫಲ. ಇಂಥ ವೈರಾಣುಗಳ ಪ್ರಮಾಣ ಜಗತ್ತಿನ ಒಟ್ಟು ಮಾದರಿಗಳಲ್ಲಿ 1994-95ರಲ್ಲಿ ಶೇ. 0.4 ಇದ್ದದ್ದು 2003-04ರಲ್ಲಿ ಶೇ. 12.3 ಆಗಿತ್ತೆಂದು ರೋಗ ನಿಯಂತ್ರಣ ಕೇಂದ್ರದ ವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದರು. ಏರಿಕೆ ನಿಧಾನವಾಗಿಯೇ ಮುಂದುವರಿದೀತೆಂದು ನಿರೀಕ್ಷಿಸಿದವರಿಗೆ ಮುಂದಿನ ಚಳಿಗಾಲವೇ ಉತ್ತರ ಕೊಟ್ಟಿತು. 2006ರ ಜನವರಿಯ ಮಧ್ಯಭಾಗದ ಹೊತ್ತಿಗೆ ಅಮೆರಿಕದಲ್ಲಿ ಪರೀಕ್ಷಿಸಿದ 120 ಎಚ್3ಎನ್2 ವೈರಾಣುಗಳಲ್ಲಿ 109 ಪ್ರತಿರೋಧ ತೋರಿದವು. ರೋಗ ನಿಯಂತ್ರಣ ಕೇಂದ್ರ ಋತು ಮುಗಿಯುವವರೆಗೆ ಕಾಯಲಿಲ್ಲ; ಈ ಎರಡು ಔಷಧಗಳನ್ನು ಫ್ಲೂಗೆ ಬಳಸಬಾರದೆಂದು ಅದೇ ತಿಂಗಳು ವೈದ್ಯರಿಗೆ ಸೂಚನೆ ಹೊರಡಿಸಿತು. ನಲವತ್ತು ವರ್ಷ ಚಾಲ್ತಿಯಲ್ಲಿದ್ದ ಔಷಧದ ಗುಂಪೊಂದು ಒಂದೇ ಋತುವಿನಲ್ಲಿ ಬಳಕೆ ತಪ್ಪಿತು, ಅದಕ್ಕೆ ಆಧಾರವಾದದ್ದು ನೂರಿಪ್ಪತ್ತು ಮಾದರಿಗಳು. ಸರ್ವೇಕ್ಷಣೆಯ ಬೆಲೆಯನ್ನು ತೋರಿಸಲು ಇದಕ್ಕಿಂತ ಮಿತವ್ಯಯದ ನಿದರ್ಶನ ಸಿಗುವುದು ಕಷ್ಟ.

ಆಗ ಉಳಿದದ್ದು 1999ರಲ್ಲಿ ಅನುಮತಿ ಪಡೆದಿದ್ದ ಎರಡು ಹೊಸ ಔಷಧಗಳು: ಒಸೆಲ್ಟಾಮಿವಿರ್ ಮತ್ತು ಜನಾಮಿವಿರ್. ಇವೆರಡೂ ನ್ಯೂರಮಿನಿಡೇಸ್ ಪ್ರೋಟೀನಿನ ಕುಳಿಯಲ್ಲಿ ಹೋಗಿ ಕುಳಿತು ಅದರ ಕತ್ತರಿಸುವ ಕೆಲಸವನ್ನು ನಿಲ್ಲಿಸುತ್ತವೆ. ಹೊಸ ವೈರಾಣುಗಳು ಹುಟ್ಟಿದ ಕೋಶಕ್ಕೇ ಅಂಟಿಕೊಂಡು ಉಳಿಯುತ್ತವೆ. ಟಾಮಿಫ್ಲೂ ಎಂಬ ಹೆಸರಿನಿಂದ ಪರಿಚಿತವಾದ ಒಸೆಲ್ಟಾಮಿವಿರ್ ಬಾಯಿಯಿಂದ ನುಂಗುವ ಔಷಧ, ಜನಾಮಿವಿರ್ ಉಸಿರಿನೊಂದಿಗೆ ಒಳಗೆಳೆದುಕೊಳ್ಳುವ ಪುಡಿ. ಪುಡಿಯನ್ನು ಆಸ್ತಮಾ ಇರುವವರಿಗೆ ಕೊಡಲು ವೈದ್ಯರು ಹಿಂಜರಿಯುತ್ತಾರೆ, ಎಳೆಯ ಮಕ್ಕಳಿಗೆ ಕೊಡುವಂತಿಲ್ಲ. ಆದ್ದರಿಂದ ನುಂಗುವ ಔಷಧವೇ ಎಲ್ಲೆಡೆ ಮುಖ್ಯವಾಯಿತು, ಹಲವು ಸರ್ಕಾರಗಳು ಅದನ್ನು ಗೋದಾಮುಗಳಲ್ಲಿ ದಾಸ್ತಾನು ಮಾಡಿದವು. ನ್ಯೂರಮಿನಿಡೇಸ್‌ನ 275ನೆಯ ಸ್ಥಾನದಲ್ಲಿ ಹಿಸ್ಟಿಡಿನ್ ಹೋಗಿ ಟೈರೋಸಿನ್ ಬಂದರೆ ಕುಳಿಯ ಆಕಾರ ಸ್ವಲ್ಪ ಮಾರ್ಪಟ್ಟು ಒಸೆಲ್ಟಾಮಿವಿರ್ ಸರಿಯಾಗಿ ಕೂರದಂತಾಗುತ್ತದೆ. ಜನಾಮಿವಿರ್‌ಗೆ ಮಾತ್ರ ಅಡ್ಡಿಯಾಗುವುದಿಲ್ಲ. ಈ ಮಾರ್ಪಾಡು ತಜ್ಞರಿಗೆ ಮೊದಲೇ ಗೊತ್ತಿತ್ತು. ಆದರೆ ಅದನ್ನು ಹೊತ್ತ ವೈರಾಣು ದುರ್ಬಲವಾಗಿರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಚೆನ್ನಾಗಿ ಹರಡಲಾರದು, ಔಷಧ ತೆಗೆದುಕೊಂಡ ರೋಗಿಯಲ್ಲಿ ಹುಟ್ಟಿ ಅಲ್ಲೇ ಕೊನೆಗಾಣುತ್ತದೆ ಎಂಬುದು ಆಗಿನ ಪ್ರಬಲ ಅಭಿಪ್ರಾಯ.

2008ರ ಜನವರಿಯ ಕೊನೆಯಲ್ಲಿ ನಾರ್ವೆಯಿಂದ ಬಂದ ವರದಿ ಈ ಅಭಿಪ್ರಾಯವನ್ನು ಅಲ್ಲಗಳೆಯಿತು. ಅಲ್ಲಿ ಆರಂಭದಲ್ಲಿ ಪರೀಕ್ಷಿಸಿದ 16 ಎಚ್1ಎನ್1 ವೈರಾಣುಗಳಲ್ಲಿ 12 ಒಸೆಲ್ಟಾಮಿವಿರ್‌ಗೆ ಬಗ್ಗುತ್ತಿರಲಿಲ್ಲ. ವಿಚಿತ್ರವೆಂದರೆ ನಾರ್ವೆಯಲ್ಲಿ ಆ ಔಷಧದ ಬಳಕೆಯೇ ತೀರ ಕಡಿಮೆ. ಜಗತ್ತಿನಲ್ಲಿ ಅದನ್ನು ಅತಿ ಹೆಚ್ಚು ಬಳಸುತ್ತಿದ್ದ ಜಪಾನಿನಲ್ಲಿ ಅದೇ ಋತುವಿನಲ್ಲಿ ಪ್ರತಿರೋಧ ಕಂಡದ್ದು ಶೇ. 3ಕ್ಕೂ ಕಡಿಮೆ ಎಚ್1ಎನ್1 ವೈರಾಣುಗಳಲ್ಲಿ. ಔಷಧವನ್ನು ಬೇಕಾಬಿಟ್ಟಿ ನುಂಗಿದರೆ ಪ್ರತಿರೋಧ ಹುಟ್ಟುತ್ತದೆ ಎಂಬ, ಬ್ಯಾಕ್ಟೀರಿಯಾಗಳ ವಿಷಯದಲ್ಲಿ ಬಹುಮಟ್ಟಿಗೆ ನಿಜವಾದ ಮಾತು ಇಲ್ಲಿ ತಲೆಕೆಳಗಾಗಿತ್ತು. ಅಮೆರಿಕದಲ್ಲಿ 2007-08ರ ಋತುವಿನಲ್ಲಿ ಪರೀಕ್ಷಿಸಿದ ಎಚ್1ಎನ್1 ವೈರಾಣುಗಳಲ್ಲಿ ಶೇ. 12.3 ಪ್ರತಿರೋಧ ತೋರಿದವು. ಅದರ ಬೆನ್ನಿಗೆ, 2008ರ ಮಧ್ಯದಲ್ಲಿ, ದಕ್ಷಿಣಾರ್ಧ ಗೋಳದ ಚಳಿಗಾಲದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಪರೀಕ್ಷಿಸಿದ ಎಚ್1ಎನ್1 ವೈರಾಣುಗಳೆಲ್ಲ ಪ್ರತಿರೋಧಿಗಳಾಗಿದ್ದವು. ಆ ಸೂಚನೆಯನ್ನು ಓದಬಲ್ಲವರಿಗೆ ಉತ್ತರಾರ್ಧ ಗೋಳದ ಮುಂದಿನ ಚಳಿಗಾಲ ಹೇಗಿರಬಹುದೆಂಬುದು ಆಗಲೇ ತಿಳಿದಿತ್ತು. 2008-09ರಲ್ಲಿ ಅಮೆರಿಕದಲ್ಲಿ ಮೊದಲು ಪರೀಕ್ಷಿಸಿದ 268 ಎಚ್1ಎನ್1 ವೈರಾಣುಗಳಲ್ಲಿ 264, ಅಂದರೆ ಶೇ. 98.5, ಔಷಧವನ್ನು ಲೆಕ್ಕಿಸಲಿಲ್ಲ.

ದುರ್ಬಲವೆಂದು ತಿಳಿದಿದ್ದ ವೈರಾಣು ಒಂದೇ ವರ್ಷದಲ್ಲಿ ಭೂಮಂಡಲವನ್ನೇ ಸುತ್ತಿದ್ದು ಹೇಗೆ ಎಂಬುದಕ್ಕೆ ಉತ್ತರ 2010ರಲ್ಲಿ ಸಿಕ್ಕಿತು. 275ನೆಯ ಸ್ಥಾನದ ಮಾರ್ಪಾಡು ನ್ಯೂರಮಿನಿಡೇಸ್ ಪ್ರೋಟೀನು ವೈರಾಣುವಿನ ಮೈಮೇಲೆ ತಲುಪುವ ಪ್ರಮಾಣವನ್ನು ತಗ್ಗಿಸುತ್ತದೆ, ಅದೇ ಅದರ ದೌರ್ಬಲ್ಯ. ಆದರೆ ಅದಕ್ಕೂ ಮುಂಚೆಯೇ 222 ಮತ್ತು 234ನೆಯ ಸ್ಥಾನಗಳಲ್ಲಿ ನಡೆದಿದ್ದ ಇನ್ನೆರಡು ಮಾರ್ಪಾಡುಗಳು ಆ ನಷ್ಟವನ್ನು ತುಂಬಿಕೊಡುವಂಥವಾಗಿದ್ದವು ಎಂದು ಜೆಸ್ಸಿ ಬ್ಲೂಮ್, ಲಿಝಿ ಗಾಂಗ್ ಮತ್ತು ಡೇವಿಡ್ ಬಾಲ್ಟಿಮೋರ್ ತೋರಿಸಿದರು. ನೆಲ ಮೊದಲೇ ಹದವಾಗಿತ್ತು, ಬೀಜ ಆಮೇಲೆ ಬಿತ್ತು. ಇದರ ತಾತ್ಪರ್ಯವೇನೆಂದರೆ, ಪ್ರತಿರೋಧದ ಗುರುತನ್ನು ಮಾತ್ರ ಹುಡುಕುವ ಪರೀಕ್ಷೆ ಸಾಲದು. ವೈರಾಣುವಿನ ಇಡೀ ವಂಶವಾಹಿಯನ್ನು ಓದಿದರೆ ಮಾತ್ರ ಮುಂದೆ ಬರಬಹುದಾದುದರ ಸುಳಿವು ಸಿಗುತ್ತದೆ. ಈಗ ಅಮೆರಿಕದಲ್ಲಿ ನಡೆಯುತ್ತಿರುವುದು ಅದೇ. ರಾಜ್ಯಗಳಿಂದ ಬಂದ ಮಾದರಿಗಳ ಪೂರ್ಣ ವಂಶವಾಹಿ ಸರಣಿಯನ್ನು ಮೊದಲು ಓದಿ, ಆಮೇಲೆ ಅವುಗಳಲ್ಲಿ ಆಯ್ದವನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ನ್ಯೂರಮಿನಿಡೇಸ್‌ನ ಕೆಲಸವನ್ನು ಅರ್ಧಕ್ಕೆ ಇಳಿಸಲು ಎಷ್ಟು ಔಷಧ ಬೇಕೆಂದು ಅಳೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದ ಪ್ರಕಾರ ಎ ಬಗೆಯ ವೈರಾಣುವಿಗೆ ಸಾಮಾನ್ಯಕ್ಕಿಂತ ಹತ್ತು ಪಟ್ಟು ಔಷಧ ಬೇಕಾದರೆ ಔಷಧದ ತಡೆ ತಗ್ಗಿದೆಯೆಂದೂ ನೂರು ಪಟ್ಟು ಮೀರಿದರೆ ತೀರ ತಗ್ಗಿದೆಯೆಂದೂ ಅರ್ಥ. ಇದು ಪ್ರಯೋಗಾಲಯದ ಮಾತು. ರೋಗಿಯಲ್ಲಿ ಔಷಧ ಎಷ್ಟು ಸೋಲುತ್ತದೆಂಬುದನ್ನು ಈ ಸಂಖ್ಯೆಯೊಂದೇ ಹೇಳಲಾರದು ಎಂಬ ಎಚ್ಚರ ಬೇಕು.

2008ರ ಡಿಸೆಂಬರಿನಲ್ಲಿ ಅಮೆರಿಕದ ವೈದ್ಯರ ಎದುರಿಗಿದ್ದ ಇಕ್ಕಟ್ಟನ್ನು ಈಗ ಊಹಿಸಬಹುದು. ಎಚ್3ಎನ್2 ಆದರೆ ಒಸೆಲ್ಟಾಮಿವಿರ್ ನಡೆಯುತ್ತದೆ, ಅಮಾಂಟಡಿನ್ ನಡೆಯುವುದಿಲ್ಲ. ಎಚ್1ಎನ್1 ಆದರೆ ಒಸೆಲ್ಟಾಮಿವಿರ್ ನಡೆಯುವುದಿಲ್ಲ, ಅಮಾಂಟಡಿನ್ ಗುಂಪು ಬಹುಪಾಲು ನಡೆಯುತ್ತದೆ. ಎದುರಿಗೆ ಕುಳಿತ ರೋಗಿಯದು ಯಾವುದೆಂದು ಚಿಕಿತ್ಸಾಲಯದಲ್ಲಿ ಆಗ ಲಭ್ಯವಿದ್ದ ಶೀಘ್ರ ಪರೀಕ್ಷೆಗಳು ಹೇಳುತ್ತಿರಲಿಲ್ಲ. ಹೀಗಾಗಿ ಜನಾಮಿವಿರ್ ಕೊಡಿ, ಇಲ್ಲವೆ ಒಸೆಲ್ಟಾಮಿವಿರ್ ಜೊತೆಗೆ ರಿಮಾಂಟಡಿನ್ ಸೇರಿಸಿ ಕೊಡಿ, ನಿಮ್ಮ ಪ್ರದೇಶದಲ್ಲಿ ಯಾವ ಉಪಬಗೆ ಓಡಾಡುತ್ತಿದೆ ಎಂಬ ವಾರದ ವರದಿಯನ್ನು ನೋಡಿ ನಿರ್ಧರಿಸಿ ಎಂದು ರೋಗ ನಿಯಂತ್ರಣ ಕೇಂದ್ರ ತಿಳಿಸಬೇಕಾಯಿತು. ಒಬ್ಬ ರೋಗಿಗೆ ಬರೆಯುವ ಔಷಧ ಚೀಟಿ ಇಡೀ ಪ್ರದೇಶದ ಸರ್ವೇಕ್ಷಣಾ ವರದಿಯನ್ನು ಅವಲಂಬಿಸಿದ ಅಪರೂಪದ ಸನ್ನಿವೇಶ ಅದು.

ಇಕ್ಕಟ್ಟು ಬಿಡಿಸಿದ್ದು ವಿಜ್ಞಾನವಲ್ಲ, ಆಕಸ್ಮಿಕ. 2009ರ ಏಪ್ರಿಲ್ ಮಧ್ಯದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಇಬ್ಬರು ಮಕ್ಕಳ ಮಾದರಿಗಳಲ್ಲಿ ಹಂದಿಗಳ ಮೂಲದ ಹೊಸ ಎಚ್1ಎನ್1 ವೈರಾಣು ಪತ್ತೆಯಾಯಿತು. ಒಂದು ಮಾದರಿ ಹೊಸ ಪರೀಕ್ಷಾ ಉಪಕರಣವೊಂದರ ಪ್ರಯೋಗದ ಸಲುವಾಗಿ, ಇನ್ನೊಂದು ಮೆಕ್ಸಿಕೋ ಗಡಿಯ ಫ್ಲೂ ಸರ್ವೇಕ್ಷಣಾ ಯೋಜನೆಯ ಅಂಗವಾಗಿ ತೆಗೆದದ್ದು. ಮಕ್ಕಳಿಬ್ಬರೂ ಗುಣಮುಖರಾದರು, ಅವರ ಕಾಯಿಲೆಯ ತೀವ್ರತೆಯನ್ನು ನೋಡಿ ಯಾರೂ ಅನುಮಾನಪಟ್ಟಿರಲಿಲ್ಲ. ತೀವ್ರವಾಗಿ ಬಳಲುವವರನ್ನು ಮಾತ್ರ ಪರೀಕ್ಷಿಸುವ ವ್ಯವಸ್ಥೆಯಾಗಿದ್ದರೆ ಈ ಎರಡೂ ಕೈತಪ್ಪುತ್ತಿದ್ದವು. ಈ ಹೊಸ ವೈರಾಣು ಅಮಾಂಟಡಿನ್‌ಗೆ ಬಗ್ಗದು, ಒಸೆಲ್ಟಾಮಿವಿರ್‌ಗೆ ಬಗ್ಗುತ್ತದೆ. ಅದು ಜಗತ್ತಿನ ಪಿಡುಗಾಗಿ ಹರಡುತ್ತಾ ಹಳೆಯ, ಪ್ರತಿರೋಧಿ ಎಚ್1ಎನ್1ಅನ್ನು ಸಂಪೂರ್ಣವಾಗಿ ಬದಿಗೆ ತಳ್ಳಿತು. ಪಿಡುಗಿನ ವೈರಾಣುವೇ ಔಷಧವನ್ನು ಮರಳಿ ಉಪಯುಕ್ತಗೊಳಿಸಿದ್ದು ಇತಿಹಾಸದ ವಕ್ರೋಕ್ತಿ. ಅಂಥ ಅದೃಷ್ಟವನ್ನು ನೆಚ್ಚಿ ಯಾವ ದೇಶವೂ ಯೋಜನೆ ಮಾಡಲಾಗದು. 2011ರಲ್ಲಿ ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ಸುತ್ತಮುತ್ತ, 2013-14ರಲ್ಲಿ ಜಪಾನಿನ ಸಪ್ಪೊರೊದಲ್ಲಿ, ಹೊಸ ವೈರಾಣುವೂ ಅದೇ 275ನೆಯ ಸ್ಥಾನದ ಮಾರ್ಪಾಡಿನೊಂದಿಗೆ ಸಮುದಾಯದಲ್ಲಿ ಹರಡಿದ್ದು ಕಂಡುಬಂದಿತು. 2018ರಲ್ಲಿ ಬಳಕೆಗೆ ಬಂದ ಬಲೊಕ್ಸಾವಿರ್ ಎಂಬ ಬೇರೆ ಬಗೆಯ ಔಷಧ ತೆಗೆದುಕೊಂಡ ಕೆಲವು ರೋಗಿಗಳಲ್ಲಿಯೂ ಪ್ರತಿರೋಧ ಮೂಡಿದೆ. ಅದರಲ್ಲಿಯೂ ಮಕ್ಕಳಲ್ಲಿ ಹೆಚ್ಚು.

2009ರ ಪಿಡುಗು ಎಣಿಕೆಯ ಮಿತಿಯನ್ನೂ ಬಯಲಿಗೆ ತಂದಿತು. ಅಮೆರಿಕ ಮೊದಮೊದಲು ಒಂದೊಂದು ಪ್ರಕರಣವನ್ನೂ ಎಣಿಸುತ್ತಾ ಹೋಗಿ, ಜುಲೈ ಕೊನೆಯ ಹೊತ್ತಿಗೆ 43,771ಕ್ಕೆ ಬಂದು ನಿಲ್ಲಿಸಿತು; ಅಷ್ಟರಲ್ಲಿ ನಿಜವಾಗಿ ಹತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ತಗುಲಿರಬಹುದೆಂಬುದು ಅದೇ ಸಂಸ್ಥೆಯ ಅಂದಾಜು. ಒಂದು ವರ್ಷ ತುಂಬಿದಾಗ ಅಂದಾಜು ಸುಮಾರು 6 ಕೋಟಿ 8 ಲಕ್ಷ ಪ್ರಕರಣಗಳಿಗೆ, 12,469 ಸಾವುಗಳಿಗೆ ತಲುಪಿತು. ಇದರ ಪಕ್ಕದಲ್ಲಿ ಭಾರತದ 2015ರ ಅಧಿಕೃತ ಲೆಕ್ಕವನ್ನಿಟ್ಟು ನೋಡಬೇಕು: ಅದೇ ವಂಶದ ಎಚ್1ಎನ್1ನಿಂದ 42,592 ಪ್ರಕರಣಗಳು, 2,990 ಸಾವುಗಳು. ಸುಮ್ಮನೆ ಭಾಗಿಸಿದರೆ ಭಾರತದಲ್ಲಿ ನೂರಕ್ಕೆ ಏಳು ಮಂದಿ ಸತ್ತರೆಂದೂ ಅಮೆರಿಕದಲ್ಲಿ ಹತ್ತು ಸಾವಿರಕ್ಕೆ ಇಬ್ಬರೆಂದೂ ಉತ್ತರ ಬರುತ್ತದೆ. ವೈರಾಣು ಅಷ್ಟು ಬೇರೆಯಾಗಿರಲಿಲ್ಲ, ಚಿಕಿತ್ಸೆಯ ಅಂತರವೂ ಅಷ್ಟನ್ನು ವಿವರಿಸಲಾರದು, ಬೇರೆಯಾಗಿದ್ದದ್ದು ಛೇದ. ಭಾರತದ ಮಾರ್ಗಸೂಚಿಯಲ್ಲಿ ರೋಗಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಸೌಮ್ಯ ಲಕ್ಷಣಗಳ ಮೊದಲೆರಡು ವರ್ಗದವರಿಗೆ ಪರೀಕ್ಷೆ ಬೇಡವೆಂದೂ ಆಸ್ಪತ್ರೆಗೆ ಸೇರಿಸಬೇಕಾದ ಸಿ ವರ್ಗದವರನ್ನು ಪರೀಕ್ಷಿಸಬೇಕೆಂದೂ ಹೇಳಲಾಗಿದೆ. ಚಿಕಿತ್ಸೆಯ ದೃಷ್ಟಿಯಿಂದ ಈ ವಿಂಗಡಣೆ ವಿವೇಕದ್ದೇ. ಆದರೆ ಅದರಿಂದ ಹುಟ್ಟುವ ಸಂಖ್ಯೆಯನ್ನು ರಾಜ್ಯದಲ್ಲಿ ಎಚ್1ಎನ್1 ಎಷ್ಟಿದೆ ಎಂಬುದರ ಅಳತೆಯೆಂದು ಪ್ರತಿ ವರ್ಷ ಪತ್ರಿಕೆಗಳಲ್ಲಿ ಓದುವುದು ತಪ್ಪು.

ಭಾರತಕ್ಕೆ ಅಡಿಪಾಯವಿಲ್ಲವೆಂದಲ್ಲ. 1952ರಲ್ಲಿ ಪುಣೆಯಲ್ಲಿ ಆರಂಭವಾದ, ಕ್ಯಾಸನೂರು ಕಾಡಿನ ಕಾಯಿಲೆಯ ವೈರಾಣುವನ್ನು 1957ರಲ್ಲಿ ಗುರುತಿಸಿದ ಕಾರಣಕ್ಕೆ ಮಲೆನಾಡಿಗರಿಗೆ ಪರಿಚಿತವಾದ ಸಂಸ್ಥೆಯೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ದೇಶದ ರಾಷ್ಟ್ರೀಯ ಫ್ಲೂ ಕೇಂದ್ರವೂ ಅದೇ. ಈ ದೇಶದ ಫ್ಲೂ ಋತು ಅಮೆರಿಕದಂತೆ ಒಂದೇ ಅಲ್ಲವೆಂಬುದನ್ನು ಇಲ್ಲಿನ ಸರ್ವೇಕ್ಷಣೆಯೇ ತೋರಿಸಿಕೊಟ್ಟಿದೆ: ಶ್ರೀನಗರದಲ್ಲಿ ಜನವರಿಯಿಂದ ಮಾರ್ಚ್, ದೆಹಲಿ ಮತ್ತು ಪುಣೆಗಳಲ್ಲಿ ಮುಂಗಾರಿನ ಜುಲೈನಿಂದ ಸೆಪ್ಟೆಂಬರ್, ಚೆನ್ನೈ ಮತ್ತು ವೆಲ್ಲೂರುಗಳಲ್ಲಿ ಹಿಂಗಾರಿನ ಅಕ್ಟೋಬರ್‌ನಿಂದ ಡಿಸೆಂಬರ್. ಮುಂಗಾರು ಹಿಂಗಾರುಗಳೆರಡೂ ತಟ್ಟುವ ಕರ್ನಾಟಕದಂಥ ರಾಜ್ಯಕ್ಕೆ ದೆಹಲಿಯ ಪಂಚಾಂಗವನ್ನೂ ಚೆನ್ನೈನ ಪಂಚಾಂಗವನ್ನೂ ಹಾಗೆಯೇ ಎರವಲು ತರಲಾಗದು; ಲಸಿಕೆ ಯಾವ ತಿಂಗಳು ಕೊಡಬೇಕೆಂಬ ತೀರ್ಮಾನಕ್ಕೂ ಸ್ವಂತ ಮಾಪನ ಬೇಕು. ಒಸೆಲ್ಟಾಮಿವಿರ್ ಮಾರಾಟದ ಮೇಲಿದ್ದ ಬಿಗಿಯನ್ನು 2017ರಲ್ಲಿ ಸಡಿಲಿಸಿ, ಎಕ್ಸ್ ಅನುಸೂಚಿಯಿಂದ ಎಚ್1 ಅನುಸೂಚಿಗೆ ತಂದದ್ದರಿಂದ ಔಷಧ ಹೆಚ್ಚು ಅಂಗಡಿಗಳಲ್ಲಿ ಸಿಗುವಂತಾಯಿತು. ಬಳಕೆಯನ್ನು ಬಿಗಿಗೊಳಿಸಿದರಷ್ಟೇ ಪ್ರತಿರೋಧ ತಡೆಯಬಹುದೆಂದು ನಂಬುವವರು ಈ ಸಡಿಲಿಕೆಯನ್ನು ಟೀಕಿಸಿಯಾರು. ನಾರ್ವೆಯ ಅನುಭವದ ಮುಂದೆ ಆ ಟೀಕೆ ಪೂರ್ತಿ ನಿಲ್ಲುವುದಿಲ್ಲ: ಎಲ್ಲೋ ಹುಟ್ಟಿದ ಪ್ರತಿರೋಧ, ಔಷಧವನ್ನೇ ನುಂಗದ ಜನರ ನಡುವೆಯೂ ಬಂದು ನೆಲೆಸಬಲ್ಲದು.

ಆದ್ದರಿಂದ ಆಗಬೇಕಾದದ್ದು ದೊಡ್ಡ ವೆಚ್ಚದ ಕೆಲಸವೇನಲ್ಲ. ಪ್ರತಿ ವಿಭಾಗದಲ್ಲಿ ಒಂದೆರಡು ಆಸ್ಪತ್ರೆಗಳು ವರ್ಷದ ಐವತ್ತೆರಡು ವಾರವೂ, ತೀವ್ರ ರೋಗಿಗಳ ಜೊತೆಗೆ ಸಾಮಾನ್ಯ ಹೊರರೋಗಿಗಳಿಂದಲೂ ನಿಗದಿತ ಸಂಖ್ಯೆಯ ಗಂಟಲು ದ್ರವದ ಮಾದರಿಗಳನ್ನು ತೆಗೆದು ಕಳುಹಿಸಬೇಕು. ಒಟ್ಟು ಎಷ್ಟು ರೋಗಿಗಳಲ್ಲಿ ಅವನ್ನು ಆಯ್ದದ್ದು ಎಂಬುದನ್ನು ತಪ್ಪದೆ ಬರೆದಿಡಬೇಕು. ಅವುಗಳಲ್ಲಿ ಒಂದು ಪಾಲಿನ ವಂಶವಾಹಿ ಸರಣಿಯನ್ನು ಓದಿಸಿ, ಔಷಧಕ್ಕೆ ಬಗ್ಗುವವು ಎಷ್ಟು, ಬಗ್ಗದವು ಎಷ್ಟು ಎಂಬುದನ್ನು ಆಯಾ ಋತು ನಡೆಯುತ್ತಿರುವಾಗಲೇ ಜಿಲ್ಲಾ ಸರ್ವೇಕ್ಷಣಾಧಿಕಾರಿಗಳ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರವರೆಗೆ ಮುಟ್ಟಿಸಬೇಕು. ಆರೋಗ್ಯ ಇಲಾಖೆಯೂ ವೈದ್ಯಕೀಯ ಕಾಲೇಜುಗಳೂ ಇದನ್ನು ಮುಂದಿನ ಮುಂಗಾರಿನ ಒಳಗೆ ಕೈಗೆತ್ತಿಕೊಳ್ಳಲಿ.